ರ‍್ಯಾಂಕ್ಡ್ ಕ್ಯೂ ಒತ್ತುವ ಮುಂಚೆ ಆಕಾಶ ನೋಡಿ

ಹೋದ ಜುಲೈನ ಒಂದು ರಾತ್ರಿ. ಆನ್‌ಲೈನ್ ಶೂಟಿಂಗ್ ಆಟ, ಸ್ಕೋರ್ 12-11. ಇನ್ನೊಂದು ರೌಂಡ್ ಗೆದ್ದರೆ ಮ್ಯಾಚ್ ನಮ್ಮದು, ನನಗೆ ಮೊದಲ ಸಲ ಮೇಲಿನ ರ‍್ಯಾಂಕ್. ಹೊರಗೆ ಸೋಮವಾರಪೇಟೆಯ ಮಳೆ ಹೆಂಚಿನ ಮೇಲೆ ಬಡಿಯುತ್ತಿತ್ತು. ಟಪ್ ಅಂತ ಕರೆಂಟ್ ಹೋಯಿತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇತ್ತು, ರೂಟರ್‌ಗೆ ಇರಲಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕೋಣ ಅಂದರೆ ಟವರ್ ಕೂಡ ಮಲಗಿತ್ತು. ಮಾರನೇ ದಿನ ಮಧ್ಯಾಹ್ನ ಲಾಗಿನ್ ಆದೆ. ಸೋಲು ಒಂದು ಕಡೆ, ಮ್ಯಾಚ್ ಬಿಟ್ಟು ಹೋದದ್ದಕ್ಕೆ ದಂಡ ಇನ್ನೊಂದು ಕಡೆ. ಚಾಟ್‌ನಲ್ಲಿ ನಾಲ್ವರ ಬೈಗುಳ, ಮೂರು ಭಾಷೆಯಲ್ಲಿ.

ಬೈದವರದ್ದು ತಪ್ಪಿಲ್ಲ. ಜುಲೈ ತಿಂಗಳ ರಾತ್ರಿ ಹತ್ತು ಗಂಟೆಗೆ ಕೊಡಗಿನಲ್ಲಿ ಕೂತು ರ‍್ಯಾಂಕ್ಡ್ (ಗೆದ್ದರೆ ರ‍್ಯಾಂಕ್ ಏರುವ, ಸೋತರೆ ಇಳಿಯುವ ಮ್ಯಾಚ್) ಒತ್ತಿದ್ದು ನಾನೇ. ಆಮೇಲೆ ಒಂದು ವಿಷಯ ಅರ್ಥವಾಯಿತು. ಏಮ್ (ಗುರಿ) ಸರಿಮಾಡಿಕೊಳ್ಳಲು ಗಂಟೆಗಟ್ಟಲೆ ಕಳೆಯುತ್ತೇವೆ. ಯಾವಾಗ ಆಡಬೇಕು, ಯಾರ ಜೊತೆ ಆಡಬೇಕು, ಯಾವಾಗ ಎದ್ದು ಹೋಗಬೇಕು ಅನ್ನುವುದಕ್ಕೆ ಐದು ನಿಮಿಷ ಕೊಡುವುದಿಲ್ಲ. ರ‍್ಯಾಂಕ್ ಜಾಸ್ತಿ ಸೋರುವುದು ಅಲ್ಲೇ.

ಮೊದಲು, ರ‍್ಯಾಂಕಿನ ಹಿಂದಿರುವ ನಂಬರ್ ಏನು ಅಂತ ತಿಳಿದುಕೊಳ್ಳಿ

ಕಾಫಿ ಬೆಳೆಯುವ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಒಣಗಿಸಿದ ಚೆರ‍್ರಿ ಮಾರಲು ಹೋದಾಗ ವ್ಯಾಪಾರಿ ಇಡೀ ಚೀಲ ಸುಲಿದು ನೋಡುವುದಿಲ್ಲ. ಅಲ್ಲಲ್ಲಿ ಒಂದೊಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ, ಕಾಯಿಗೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕದಲ್ಲಿ ಇಷ್ಟು ಔಟ್‌ಟರ್ನ್ ಅನ್ನುತ್ತಾನೆ. ಅದು ಅಂದಾಜು. ಒಂದು ಹಿಡಿ ನೋಡಿ ಹೇಳಿದ್ದಕ್ಕಿಂತ ಹತ್ತು ಹಿಡಿ ನೋಡಿ ಹೇಳಿದ್ದು ಗಟ್ಟಿ. ಗೇಮಿನ ಮ್ಯಾಚ್‌ಮೇಕಿಂಗ್ (ಯಾರನ್ನು ಯಾರ ಜೊತೆ ಆಡಿಸಬೇಕು ಅನ್ನುವ ಲೆಕ್ಕ) ಮಾಡುವುದೂ ಇಷ್ಟೇ. ಪ್ರತಿ ಮ್ಯಾಚ್ ಒಂದು ಹಿಡಿ.

ಈ ಲೆಕ್ಕ ಹುಟ್ಟಿದ್ದು ಚೆಸ್‌ನಲ್ಲಿ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದ ಅರ್ಪಾಡ್ ಎಲೋ ರೂಪಿಸಿದ ಪದ್ಧತಿಯನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿ ತೆಗೆದುಕೊಂಡಿತು, ಜಾಗತಿಕ ಚೆಸ್ ಒಕ್ಕೂಟವಾದ ಫಿಡೆ 1970ರಲ್ಲಿ. ಇಬ್ಬರ ನಂಬರ್ ಸಮ ಇದ್ದರೆ ಗೆಲ್ಲುವ ಸಾಧ್ಯತೆ ಅರ್ಧರ್ಧ. 200 ಅಂಕ ವ್ಯತ್ಯಾಸ ಇದ್ದರೆ ಮೇಲಿನವನು 100ರಲ್ಲಿ ಸುಮಾರು 76 ಆಟ ಗೆಲ್ಲಬೇಕು. 400 ಇದ್ದರೆ 91. ಒಂದು ಆಟಕ್ಕೆ ಹೆಚ್ಚೆಂದರೆ 32 ಅಂಕ ಅಂತ ಇಟ್ಟುಕೊಳ್ಳಿ. ಸಮಾನರ ಮೇಲೆ ಗೆದ್ದರೆ 16 ಸಿಗುತ್ತದೆ. ನಿಮಗಿಂತ 200 ಮೇಲಿರುವವನನ್ನು ಸೋಲಿಸಿದರೆ 24, ಅವನಿಗೆ ಸೋತರೆ ಹೋಗುವುದು ಬರೀ 8. ಅಂದರೆ ಬಲಶಾಲಿ ಎದುರಾಳಿ ಸಿಕ್ಕಿದ ಅಂತ ಗೊಣಗುವುದು ಲೆಕ್ಕದ ಪ್ರಕಾರ ವ್ಯರ್ಥ. ಅವನ ಕೈಲಿ ಸೋತರೆ ನಷ್ಟ ಕಮ್ಮಿ.

ಎಲೋ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಒಂದು ಹಿಡಿ ನೋಡಿ ಹೇಳಿದ್ದೋ, ಹತ್ತು ಹಿಡಿ ನೋಡಿ ಹೇಳಿದ್ದೋ ಅಂತ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಮಾರ್ಕ್ ಗ್ಲಿಕ್‌ಮನ್ ಅನ್ನುವವರು 1995ರಲ್ಲಿ ಅಂದಾಜಿನ ಜೊತೆ ಅದು ಎಷ್ಟು ಗಟ್ಟಿ ಅನ್ನುವ ಎರಡನೇ ನಂಬರ್ ಸೇರಿಸಿದರು. ಮೈಕ್ರೋಸಾಫ್ಟ್‌ನವರು ಅದೇ ದಾರಿಯಲ್ಲಿ ಮುಂದೆ ಹೋಗಿ, ಟೀಮ್ ಆಟಗಳಿಗೂ ಹೊಂದುವ ಟ್ರೂಸ್ಕಿಲ್ ಅನ್ನು 2005ರಲ್ಲಿ ಎಕ್ಸ್‌ಬಾಕ್ಸ್‌ಗೆ ತಂದರು. ಅದರಲ್ಲಿ ಹೊಸಬನ ಅಂದಾಜು 25, ಅನುಮಾನ 8.33. ಲೀಡರ್‌ಬೋರ್ಡ್‌ನಲ್ಲಿ ತೋರಿಸುವುದು ಅಂದಾಜಿನಿಂದ ಅನುಮಾನದ ಮೂರು ಪಟ್ಟು ಕಳೆದದ್ದು. ಕಳೆದು ನೋಡಿ, ಸೊನ್ನೆ. ಹೊಸಬ ಸೊನ್ನೆಯಿಂದ ಶುರು ಮಾಡುವುದು ಅವನು ಪೆದ್ದ ಅಂತಲ್ಲ, ಯಾರಿಗೂ ಅವನ ಬಗ್ಗೆ ಇನ್ನೂ ಗೊತ್ತಿಲ್ಲ ಅಂತ.

ಇದರಿಂದ ಒಂದು ಬುದ್ಧಿ ಕಲಿಯಬಹುದು. ರ‍್ಯಾಂಕ್ ನಿಗದಿ ಮಾಡುವ ಶುರುವಿನ ಪ್ಲೇಸ್‌ಮೆಂಟ್ ಮ್ಯಾಚ್‌ಗಳಲ್ಲಿ ಅನುಮಾನ ಜಾಸ್ತಿ ಇರುವುದರಿಂದ ನಂಬರ್ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತದೆ. ಆ ಮ್ಯಾಚ್‌ಗಳನ್ನು ನಿದ್ದೆಗಣ್ಣಲ್ಲಿ ಆಡಬೇಡಿ. "ಅಣ್ಣಾ, ಪ್ಲೇಸ್‌ಮೆಂಟ್ ನೀನೇ ಆಡಿಕೊಡೋ" ಅಂತ ನನ್ನ ಚಿಕ್ಕಪ್ಪನ ಮಗ ಒಮ್ಮೆ ಫೋನ್ ಕೊಟ್ಟಿದ್ದ. ಆಡಿಕೊಟ್ಟೆ. ಆಮೇಲೆ ಎರಡು ವಾರ ಪಾಪ ಅವನು ತನಗಿಂತ ದೊಡ್ಡವರ ಕೈಲಿ ಒದೆ ತಿಂದ. ಚೀಲದ ಬಾಯಲ್ಲಿ ಒಳ್ಳೆ ಕಾಯಿ ಜೋಡಿಸಿಟ್ಟರೆ ಬೆಲೆ ಒಂದು ಸಲ ಸಿಗುತ್ತದೆ, ಅಷ್ಟೇ.

ತೋರುವ ನಂಬರ್ ಬೇರೆ, ಅಡಗಿರುವ ನಂಬರ್ ಬೇರೆ

ವ್ಯಾಲರಂಟ್ ತೆಗೆದುಕೊಳ್ಳಿ. 2020ರ ಜೂನ್‌ನಲ್ಲಿ ಬಂದ, ಐವರ ಎದುರು ಐವರು ಆಡುವ ಶೂಟಿಂಗ್ ಆಟ. ಐರನ್‌ನಿಂದ ಇಮ್ಮಾರ್ಟಲ್‌ವರೆಗೆ ಎಂಟು ರ‍್ಯಾಂಕ್, ಪ್ರತಿಯೊಂದಕ್ಕೂ ಮೂರು ಮೆಟ್ಟಿಲು, ತುದಿಯಲ್ಲಿ ರೇಡಿಯಂಟ್. ಒಟ್ಟು 25. ಡೈಮಂಡ್ ಮತ್ತು ಇಮ್ಮಾರ್ಟಲ್ ನಡುವಿನ ಅಸೆಂಡೆಂಟ್ 2022ರಲ್ಲಿ ಸೇರಿದ್ದು. ಖಾತೆ 20ನೇ ಲೆವೆಲ್ ತಲುಪುವವರೆಗೆ ರ‍್ಯಾಂಕ್ಡ್ ಬಾಗಿಲು ತೆರೆಯುವುದಿಲ್ಲ. ಇಮ್ಮಾರ್ಟಲ್ ತಲುಪುವವರೆಗೆ ಒಂದು ಮೆಟ್ಟಿಲು ಹತ್ತಲು 100 ಆರ್‌ಆರ್ (ರ‍್ಯಾಂಕ್ ರೇಟಿಂಗ್ ಅಂಕ) ಬೇಕು. ನಮಗೆ ಕಾಣುವುದು ಈ ಆರ್‌ಆರ್. ನಮ್ಮನ್ನು ಯಾರ ಜೊತೆ ಹಾಕಬೇಕು ಅಂತ ನಿರ್ಧರಿಸುವುದು ಒಳಗೆ ಅಡಗಿರುವ ಎಂಎಂಆರ್ (ಮ್ಯಾಚ್‌ಮೇಕಿಂಗ್ ರೇಟಿಂಗ್).

ಆ ಒಳಗಿನ ನಂಬರನ್ನು ಆಟ ತೋರಿಸುವುದಿಲ್ಲ, ಆದರೆ ಸುಳಿವು ಕೊಡುತ್ತದೆ. ಗೆದ್ದಾಗ 15 ಬಂದು ಸೋತಾಗ 24 ಹೋಗುತ್ತಿದೆಯಾ? ಒಳಗಿನ ನಂಬರ್ ಕೆಳಗಿದೆ, ನಿಮ್ಮನ್ನು ಮೆಲ್ಲಗೆ ಕೆಳಗೆ ಎಳೆಯುತ್ತಿದೆ. ಗೆದ್ದಾಗ 25, ಸೋತಾಗ 14 ಆದರೆ ಖುಷಿಪಡಿ, ನಿಮ್ಮ ಜಾಗ ಇನ್ನೂ ಮೇಲಿದೆ. ಒಂದು ಮ್ಯಾಚ್ ನೋಡಿ ತೀರ್ಮಾನಿಸಬೇಡಿ. ಹತ್ತು ಮ್ಯಾಚ್‌ನದ್ದು ಬರೆದಿಟ್ಟು ನೋಡಿ.

ಕೌಂಟರ್ ಸ್ಟ್ರೈಕ್ 2 (2023ರ ಸೆಪ್ಟೆಂಬರ್) ಈ ವಿಷಯದಲ್ಲಿ ಸ್ವಲ್ಪ ನೇರ. ಅದರ ಪ್ರೀಮಿಯರ್ ಅನ್ನುವ ರ‍್ಯಾಂಕ್ಡ್ ವಿಭಾಗದಲ್ಲಿ 10 ಮ್ಯಾಚ್ ಗೆದ್ದ ಮೇಲೆ ಒಂದು ಸಿಎಸ್ ರೇಟಿಂಗ್ ಕೊಡುತ್ತಾರೆ. 5,000ಕ್ಕೊಮ್ಮೆ ಬಣ್ಣ ಬದಲಾಗುತ್ತದೆ, ಬೂದು ಬಣ್ಣದಿಂದ ಶುರುವಾಗಿ 30,000 ದಾಟಿದರೆ ಚಿನ್ನದ ಬಣ್ಣ. ಗೆದ್ದರೆ ಎಷ್ಟು, ಸೋತರೆ ಎಷ್ಟು ಅಂತ ಮ್ಯಾಚ್‌ಗೆ ಮುಂಚೆಯೇ ತೋರಿಸುತ್ತಾರೆ. ಅದನ್ನು ಓದದೆ ಆಡುವವರೇ ಜಾಸ್ತಿ.

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಮ್ಯಾಪ್‌ಗೆ ಹಾರಿ ಕೊನೆವರೆಗೆ ಉಳಿಯಬೇಕಾದ ಮೊಬೈಲ್ ಆಟ) ಲೆಕ್ಕವೇ ಬೇರೆ, ನಮ್ಮ ಕಡೆ ಹುಡುಗರು ಜಾಸ್ತಿ ಆಡುವುದೂ ಅದನ್ನೇ. ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್, ಕ್ರೌನ್, ಆಮೇಲೆ ಏಸ್‌ನ ಮೂರು ಹಂತ, ಕೊನೆಗೆ ಕಾಂಕರರ್. ಕಾಂಕರರ್ ಅಂದರೆ ಇಷ್ಟು ಅಂಕ ಅಂತಲ್ಲ, ಮೊದಲ 500 ಜನ. ಇಲ್ಲಿ ಎಷ್ಟು ಹೊತ್ತು ಉಳಿದಿರಿ ಅನ್ನುವುದಕ್ಕೆ ತುಂಬ ಅಂಕ. ಮ್ಯಾಪ್‌ನಲ್ಲಿ ಎಲ್ಲರೂ ಮುಗಿಬೀಳುವ ಪೊಚಿಂಕಿ ಊರಿಗೆ ಹಾರಿ ಮೂರು ಜನರನ್ನು ಹೊಡೆದು 80ನೇ ಸ್ಥಾನದಲ್ಲಿ ಸಾಯುವವನಿಗಿಂತ, ಮೂಲೆಯಲ್ಲಿ ಇಳಿದು ಒಬ್ಬನನ್ನೂ ಹೊಡೆಯದೆ 8ನೇ ಸ್ಥಾನಕ್ಕೆ ಬರುವವನು ಬೇಗ ಮೇಲೇರುತ್ತಾನೆ. ಇದು ನನಗೆ ಇಷ್ಟವಿಲ್ಲ, ಆದರೆ ಇರುವುದು ಹಾಗೆ. ಕೆಳಗಿನ ಟಿಯರ್‌ಗಳಲ್ಲಿ ಬಾಟ್‌ಗಳು (ಕಂಪ್ಯೂಟರ್ ಆಡಿಸುವ ಆಟಗಾರರು) ಬೇಕಾದಷ್ಟು ಇರುತ್ತವೆ. ಗೋಲ್ಡ್‌ನಲ್ಲಿ 15 ಕಿಲ್ ಹೊಡೆದೆ ಅಂತ ಸ್ಟೇಟಸ್ ಹಾಕುವ ಮುಂಚೆ ಅವರಲ್ಲಿ ಎಷ್ಟು ಜನ ಗೋಡೆ ನೋಡಿಕೊಂಡು ನಿಂತಿದ್ದರು ಅಂತ ನೆನಪು ಮಾಡಿಕೊಳ್ಳಿ.

ಈಗ ನಮ್ಮೂರ ವಿಷಯ: ನೆಟ್‌ವರ್ಕ್

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ಬೆಂಗಳೂರಿನವರು ಬರೆದ ಗೈಡ್‌ಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ.

ವ್ಯಾಲರಂಟ್‌ಗೂ ಸಿಎಸ್‌ಗೂ ಮುಂಬೈಯಲ್ಲಿ ಸರ್ವರ್ ಇದೆ. ಮಡಿಕೇರಿಯಿಂದ ಮುಂಬೈಗೆ ನೇರ ದೂರ ಸುಮಾರು 800 ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರಲು 8 ಮಿಲಿಸೆಕೆಂಡ್ ಸಾಕು. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ನಮ್ಮ ಮನೆಯಲ್ಲಿ ಒಳ್ಳೆಯ ದಿನ 35 ಬರುತ್ತದೆ. ಸಿಂಗಪುರ ನೇರವಾಗಿಯೇ 3,300 ಕಿಲೋಮೀಟರ್. ಏನು ಮಾಡಿದರೂ 33ಕ್ಕಿಂತ ಕೆಳಗೆ ಬರುವುದು ಸಾಧ್ಯವೇ ಇಲ್ಲ, ಬರುವುದು ಅದರ ಎರಡು ಮೂರು ಪಟ್ಟು. ಆದ್ದರಿಂದ ವ್ಯಾಲರಂಟ್‌ನ ಸರ್ವರ್ ಆಯ್ಕೆಯಲ್ಲಿ ಮುಂಬೈ ಒಂದನ್ನೇ ಟಿಕ್ ಮಾಡಿ. ಕ್ಯೂ ಎರಡು ನಿಮಿಷ ಜಾಸ್ತಿ ಆದರೆ ಆಗಲಿ.

ಪಿಂಗ್ (ಸರ್ವರ್‌ಗೆ ಹೋಗಿ ಬರುವ ಆ ಮಿಲಿಸೆಕೆಂಡ್ ಲೆಕ್ಕ) 35 ಇದ್ದರೂ ಆಟ ಹಾಳಾಗಬಹುದು. ಪಿಂಗ್ 60ರಲ್ಲಿ ನೆಟ್ಟಗೆ ನಿಂತರೆ ಆಡಬಹುದು. 35, 35, 180, 40 ಅಂತ ಕುಣಿದರೆ ಆಡಲು ಆಗುವುದಿಲ್ಲ. ವ್ಯಾಲರಂಟ್ ಸರ್ವರ್ ಸೆಕೆಂಡಿಗೆ 128 ಸಲ ಲೆಕ್ಕ ಹಾಕುತ್ತದೆ, ಅಂದರೆ 8 ಮಿಲಿಸೆಕೆಂಡಿಗೆ ಒಂದು ಸಲ. ನಿಮ್ಮ ಪ್ಯಾಕೆಟ್ (ಸರ್ವರ್‌ಗೆ ಹೋಗುವ ಮಾಹಿತಿಯ ತುಣುಕು) 150 ಮಿಲಿಸೆಕೆಂಡ್ ತಡವಾಗಿ ಹೋದರೆ ಅಷ್ಟರಲ್ಲಿ 19 ಸಲ ಲೆಕ್ಕ ಮುಗಿದಿರುತ್ತದೆ. ನಿಮ್ಮ ಸ್ಕ್ರೀನ್‌ನಲ್ಲಿ ನೀವು ಗೋಡೆಯ ಹಿಂದೆ, ಸರ್ವರ್ ಲೆಕ್ಕದಲ್ಲಿ ನೀವು ಇನ್ನೂ ಬಯಲಿನಲ್ಲಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಗ್ರಾಫ್ ಮತ್ತು ಪ್ಯಾಕೆಟ್ ಲಾಸ್ ಆನ್ ಮಾಡಿಕೊಂಡು ಮೊದಲು ಒಂದು ಡೆತ್‌ಮ್ಯಾಚ್ (ರ‍್ಯಾಂಕ್ ಲೆಕ್ಕಕ್ಕೆ ಬರದ ಅಭ್ಯಾಸದ ಆಟ) ಆಡಿ. ಗೆರೆ ಸಮವಾಗಿದ್ದರೆ ಮಾತ್ರ ರ‍್ಯಾಂಕ್ಡ್.

ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ. ರೂಟರ್‌ಗೂ ಫೈಬರ್ ಬಂದು ಸೇರುವ ಡಬ್ಬಿಗೂ ಸೇರಿಸಿ ಒಂದು ಪುಟ್ಟ 12 ವೋಲ್ಟ್ ಯುಪಿಎಸ್ ಹಾಕಿಸಿ. ಎರಡೂ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಹಾಕಿ ನಾನು ಒಂದು ತಿಂಗಳು ಪೆದ್ದನಾದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಕರೆಂಟ್ ಹೋಗಿ ಅದು ಎಚ್ಚರವಾಗುವ ಕ್ಷಣದಲ್ಲಿ ಕೆಲವು ರೂಟರ್ ರೀಸ್ಟಾರ್ಟ್ ಆಗುತ್ತವೆ. ಮತ್ತೆ ಆನ್ ಆಗಿ ಲೈನ್ ಹಿಡಿಯುವಷ್ಟರಲ್ಲಿ ಮೂರು ರೌಂಡ್ ಹೋಯಿತು.

ಹಳೇ ತೋಟದ ಮನೆಗಳ ಗೋಡೆ ದಪ್ಪ. ವೈಫೈ 5 ಗಿಗಾಹರ್ಟ್ಸ್ ಒಂದು ಗೋಡೆ ದಾಟಿದರೆ ಹೆಚ್ಚು. ಜಗಲಿಯಲ್ಲಿರುವ ರೂಟರ್‌ನಿಂದ ಕೋಣೆಗೆ 15 ಮೀಟರ್ ಲ್ಯಾನ್ ಕೇಬಲ್ ಎಳೆದುಕೊಳ್ಳಿ. ಅಮ್ಮ ಎರಡು ದಿನ ಕಾಲಿಗೆ ಸಿಗುತ್ತದೆ ಅಂತಾರೆ, ಆಮೇಲೆ ಅಭ್ಯಾಸವಾಗುತ್ತದೆ. ಆದರೆ ಏಪ್ರಿಲ್-ಮೇ ಗುಡುಗಿನ ಸಂಜೆ ಆ ಕೇಬಲ್ಲನ್ನೂ ಪ್ಲಗ್ಗನ್ನೂ ಕಿತ್ತಿಡಿ. ಮಿಂಚು ಕರೆಂಟ್ ಲೈನ್‌ನಲ್ಲೇ ಬರಬೇಕು ಅಂತೇನಿಲ್ಲ.

ಮೊಬೈಲ್‌ನಲ್ಲಿ ಆಡುವವರು ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಗಟ್ಟಿ ಅಂತ ಹುಡುಕಿ ಅಲ್ಲೇ ಕೂರಿ, ನಡೆದಾಡಬೇಡಿ. ಟವರ್‌ನಿಂದ ಟವರ್‌ಗೆ ಹಾರುವಾಗ ಪಿಂಗ್ ಜಿಗಿಯುತ್ತದೆ. ರಾತ್ರಿ 8ರಿಂದ 11 ಊರೆಲ್ಲ ರೀಲ್ಸ್ ನೋಡುವ ಹೊತ್ತು. ಬೆಳಿಗ್ಗೆ 6ಕ್ಕೆ ಎದ್ದು ಆಡಿ ನೋಡಿ, ಬೇರೆಯೇ ಆಟ ಅನ್ನಿಸುತ್ತದೆ. ಆ ಹೊತ್ತಿಗೆ ಆಟಗಾರರು ಕಮ್ಮಿ, ಹಾಗಾಗಿ ಕೆಲವೊಮ್ಮೆ ನಿಮಗಿಂತ ತುಂಬ ಮೇಲಿನವರು ಸಿಗುತ್ತಾರೆ. ಅದಿರಲಿ, ಅವರಿಗೆ ಸೋತರೆ ನಷ್ಟ ಕಮ್ಮಿ ಅಂತ ಆಗಲೇ ಹೇಳಿದೆನಲ್ಲ.

ಈ ಕನೆಕ್ಷನ್ ವಿಷಯ ನಮ್ಮ ಗೊಣಗಾಟ ಮಾತ್ರ ಅಲ್ಲ. ಕಾಲ್ ಆಫ್ ಡ್ಯೂಟಿ ಮಾಡುವ ಆಕ್ಟಿವಿಷನ್ 2024ರಲ್ಲಿ ತನ್ನ ಮ್ಯಾಚ್‌ಮೇಕಿಂಗ್ ಬಗ್ಗೆ ವಿವರವಾಗಿ ಬರೆಯಿತು. ಅವರ ಪಟ್ಟಿಯಲ್ಲೂ ಪಿಂಗ್‌ಗೇ ಮೊದಲ ಸ್ಥಾನ, ಸ್ಕಿಲ್ ಆಮೇಲೆ. ಸ್ಕಿಲ್ ಲೆಕ್ಕವನ್ನು ಸಡಿಲಿಸಿ ಪ್ರಯೋಗ ಮಾಡಿದಾಗ ಮ್ಯಾಚ್ ಮಧ್ಯೆ ಬಿಟ್ಟು ಹೋಗುವವರು ಜಾಸ್ತಿಯಾದರು ಅಂತಲೂ ಹೇಳಿದರು.

ಸಮಬಲದವರನ್ನು ಜೋಡಿಸುವುದರ ಬೆಲೆ ಕೊಡಗಿನವರಿಗೆ ಗೊತ್ತಿರಬೇಕು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಕೊಡವ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಬಂದವು. ಅದು ನಾಕೌಟ್. ಮೊದಲ ಪಂದ್ಯದಲ್ಲೇ ಗಟ್ಟಿ ತಂಡ ಎದುರಾದರೆ ಮುಗಿಯಿತು, ಗ್ಯಾಲರಿಯಲ್ಲಿ ಕೂತು ನೋಡುವುದಷ್ಟೇ. ಹಬ್ಬಕ್ಕೆ ಅದು ಚೆಂದ. ವರ್ಷಪೂರ್ತಿ ದಿನಾ ಆಡುವ ಆಟ ಹಾಗಿದ್ದರೆ ಯಾರು ಆಡುತ್ತಾರೆ?

ಯಾರ ಜೊತೆ ಆಡಬೇಕು

ಒಬ್ಬರೇ ಹೋದರೆ ಉಳಿದ ನಾಲ್ವರು ಯಾರೋ ಏನೋ. ಐವರೂ ಗೆಳೆಯರಾದರೆ ಎದುರಿಗೂ ಐವರ ಗುಂಪನ್ನೇ ಹುಡುಕಲು ಆಟ ನೋಡುತ್ತದೆ. ವ್ಯಾಲರಂಟ್‌ನಲ್ಲಿ ನಾಲ್ವರ ಪಾರ್ಟಿಗೆ ರ‍್ಯಾಂಕ್ಡ್‌ನಲ್ಲಿ ಅವಕಾಶವೇ ಇಲ್ಲ. ನಾಲ್ವರು ಗೆಳೆಯರ ಮಧ್ಯೆ ಸಿಕ್ಕಿಬೀಳುವ ಆ ಐದನೆಯವನ ಕಷ್ಟ ನೋಡಲಾಗದೆ ಹಾಗೆ ಮಾಡಿದ್ದಾರೆ. ನನಗೆ ಸರಿ ಕಂಡದ್ದು ಇಬ್ಬರ ಜೋಡಿ. ಒಬ್ಬ ನುಗ್ಗುವವನು, ಒಬ್ಬ ಹಿಂದೆ ನಿಂತು ಕಾಯುವವನು. ಇಬ್ಬರೂ ನುಗ್ಗುವವರಾದರೆ ಇಬ್ಬರೂ ಸಾಯುತ್ತೀರಿ.

ಮುಂಬೈ ಸರ್ವರ್‌ನಲ್ಲಿ ಹಿಂದಿ, ತಮಿಳು, ಮಲಯಾಳಂ ಎಲ್ಲ ಕೇಳಿಸುತ್ತದೆ. ಜಾಗದ ಹೆಸರು ಎಲ್ಲರಿಗೂ ಒಂದೇ: ಎ ಮೇನ್, ಮಿಡ್, ಹೆವನ್. ಅದನ್ನು ಕಲಿತರೆ ಭಾಷೆ ಬೇಡ. "ಅಯ್ಯೋ ಅಲ್ಲಿ ಅಲ್ಲಿ, ಆ ಬಾಕ್ಸ್ ಹತ್ತಿರ" ಅಂತ ಕೂಗಿದರೆ ಪಕ್ಕದ ಮನೆಯವನಿಗೂ ಅರ್ಥವಾಗುವುದಿಲ್ಲ. ಎಷ್ಟು ಜನ, ಎಲ್ಲಿ, ಎಷ್ಟು ಜೀವ ಉಳಿದಿದೆ. ಮೂರು ಮಾತು ಹೇಳಿ ಬಾಯಿ ಮುಚ್ಚಿ. ಸತ್ತ ಮೇಲೆ ಕಾಮೆಂಟರಿ ಕೊಡುವವರನ್ನು ಮ್ಯೂಟ್ ಮಾಡಲು ಹಿಂಜರಿಯಬೇಡಿ.

ಏಮ್ ಬಗ್ಗೆ ಒಂದು ಮಾತು. ನನ್ನ ಕೊಡವ ಗೆಳೆಯನೊಬ್ಬ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಒಂದೇ ಗುಂಡಿನಲ್ಲಿ ಹೊಡೆದವನು. ಆಟದಲ್ಲಿ ಎರಡು ವರ್ಷದಿಂದ ಸಿಲ್ವರ್ ದಾಟಿಲ್ಲ. ಯಾಕೆ ಅಂತ ಕೇಳಿದರೆ, "ತೆಂಗಿನಕಾಯಿ ತಿರುಗಿ ಹೊಡೆಯೋದಿಲ್ಲ ಮಾರಾಯ" ಅಂದ. ಅವನಿಗೆ ಗುರಿ ಇದೆ, ಮೂಲೆ ತಿರುಗುವ ಮುಂಚೆ ಕ್ರಾಸ್‌ಹೇರ್ (ಸ್ಕ್ರೀನ್ ನಡುವಿನ ಗುರಿಯ ಗುರುತು) ತಲೆಯ ಎತ್ತರಕ್ಕೆ ಇಡುವ ಅಭ್ಯಾಸ ಇಲ್ಲ. ಅದೊಂದನ್ನೇ ಒಂದು ವಾರ ಡೆತ್‌ಮ್ಯಾಚ್‌ನಲ್ಲಿ ಮಾಡಿ. ಬೇರೆ ಟ್ರೈನಿಂಗ್ ಆ್ಯಪ್‌ಗಳೆಲ್ಲ ಆಮೇಲೆ.

ನೋಟ್‌ಬುಕ್ ಇಡಿ, ಲೆಕ್ಕ ನೋಡಿ

ನಿಮ್ಮ ಮಟ್ಟಕ್ಕೆ ಸರಿಯಾಗಿ ಜೋಡಿಸಿದರೆ ಗೆಲುವು ಅರ್ಧದ ಆಸುಪಾಸಿನಲ್ಲೇ ಇರುತ್ತದೆ. ನಾಣ್ಯ 50 ಸಲ ಚಿಮ್ಮಿಸಿದರೆ ಎಲ್ಲೋ ಒಂದು ಕಡೆ ಸಾಲಾಗಿ ಐದು ಸಲ ಹೂವು ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಅಂದರೆ 50 ಮ್ಯಾಚ್‌ನಲ್ಲಿ ಸತತ ಐದು ಸೋಲು ಬಂದರೆ ಅದು ಯಾರೋ ನಿಮ್ಮ ಮೇಲೆ ಹಗೆ ಸಾಧಿಸಿದ್ದಲ್ಲ.

ಇನ್ನೊಂದು ಲೆಕ್ಕ. ಗೆದ್ದರೆ 20, ಸೋತರೆ 20 ಅಂತ ಇಟ್ಟುಕೊಳ್ಳಿ. ನೂರರಲ್ಲಿ 52 ಗೆದ್ದರೆ ಉಳಿಯುವುದು 80 ಅಂಕ. ಒಂದು ಮೆಟ್ಟಿಲೂ ಆಗಲಿಲ್ಲ. ಮ್ಯಾಚ್ ಒಂದಕ್ಕೆ 35 ನಿಮಿಷ ಅಂದರೂ 58 ಗಂಟೆ ಕಳೆದಿರುತ್ತದೆ. ಅದೇ 55 ಗೆದ್ದರೆ 200 ಅಂಕ, ಎರಡು ಮೆಟ್ಟಿಲು. ಇಡೀ ವ್ಯತ್ಯಾಸ ನೂರರಲ್ಲಿ ಮೂರು ಮ್ಯಾಚ್. ಕರೆಂಟ್ ಹೋಗಿ ಕಳೆದುಕೊಂಡದ್ದು, ನಿದ್ದೆಗೆಟ್ಟು ಕಳೆದುಕೊಂಡದ್ದು, ಸಿಟ್ಟಲ್ಲಿ ಇನ್ನೊಂದು ಒತ್ತಿ ಕಳೆದುಕೊಂಡದ್ದು ಸೇರಿಸಿದರೆ ಮೂರಕ್ಕಿಂತ ಜಾಸ್ತಿಯೇ ಇರುತ್ತದೆ, ಅಲ್ವಾ?

ಹಾಗಾಗಿ ಒಂದು ಹಳೇ ನೋಟ್‌ಬುಕ್‌ನಲ್ಲಿ ಪ್ರತಿ ಮ್ಯಾಚ್‌ಗೆ ಒಂದು ಸಾಲು ಬರೆಯಿರಿ: ಗಂಟೆ ಎಷ್ಟು, ಮಳೆ ಇತ್ತಾ, ಯಾರ ಜೊತೆ, ಎಷ್ಟು ಬಂತು ಹೋಯಿತು, ಮೊದಲು ಸತ್ತದ್ದು ಎಷ್ಟು ಸಲ. ನನ್ನ 40 ಸಾಲು ನೋಡಿದಾಗ ರಾತ್ರಿ 11ರ ನಂತರ ಆಡಿದ 12ರಲ್ಲಿ 3 ಮಾತ್ರ ಗೆದ್ದಿದ್ದೆ. ಅವತ್ತಿಂದ 11ಕ್ಕೆ ಬಂದ್. ಸತತ ಎರಡು ಸೋತರೂ ಬಂದ್. ಮೂರನೆಯದನ್ನು ಗೆದ್ದು ಸರಿಮಾಡುತ್ತೇನೆ ಅನ್ನುವುದು ಇಸ್ಪೀಟಿನ ಮನೆಯ ಮಾತು.

ಪಾಸ್, ಖಾತೆ ಮಾರಾಟ

ಬ್ಯಾಟಲ್ ಪಾಸ್‌ಗೂ (ಆಡಿದಷ್ಟೂ ಬಹುಮಾನ ಕೊಡುವ ಪಾಸ್) ರ‍್ಯಾಂಕ್‌ಗೂ ಸಂಬಂಧವಿಲ್ಲ. ಪಾಸ್ ಲೆವೆಲ್ ಸೋತರೂ ಏರುತ್ತದೆ, ಅದು ಅಳೆಯುವುದು ಕಳೆದ ಸಮಯವನ್ನು. ರ‍್ಯಾಂಕ್ ಇಳಿಯುತ್ತದೆ. ಈ ಎರಡನ್ನೂ ಒಂದೇ ಸಂಜೆ ಬೆರೆಸಬೇಡಿ. "ಇಂತಿಂಥ ಗನ್ನಿನಲ್ಲಿ 20 ಕಿಲ್" ಅನ್ನುವ ಮಿಷನ್ ಮುಗಿಸಲು ರ‍್ಯಾಂಕ್ಡ್‌ಗೆ ಬರುವವರು ನನ್ನ ಟೀಮಿಗೆ ಬೀಳದಿರಲಿ.

ಮೇಲಿನ ರ‍್ಯಾಂಕಿನ ಖಾತೆ ಮಾರುತ್ತೇವೆ, ದುಡ್ಡು ಕೊಟ್ಟರೆ ಹತ್ತಿಸಿಕೊಡುತ್ತೇವೆ ಅನ್ನುವವರು ಟೆಲಿಗ್ರಾಂ ತುಂಬ ಇದ್ದಾರೆ. ನಮ್ಮ ಬೀದಿಯ ಹುಡುಗನೊಬ್ಬ ಕೊಯ್ಲಿನಲ್ಲಿ ದುಡಿದ ದುಡ್ಡಿನಲ್ಲಿ ಒಂದು ಖಾತೆ ಕೊಂಡ. ಒಂಬತ್ತನೇ ದಿನ ಹಳೇ ಮಾಲೀಕ ತನ್ನ ಇಮೇಲ್‌ನಿಂದ ಪಾಸ್‌ವರ್ಡ್ ಬದಲಿಸಿ ಖಾತೆ ವಾಪಸ್ ತೆಗೆದುಕೊಂಡ. ದೂರು ಕೊಡೋಣ ಅಂದರೆ ಖಾತೆ ಮಾರುವುದೂ ಕೊಳ್ಳುವುದೂ ಆಟದ ನಿಯಮಕ್ಕೇ ವಿರುದ್ಧ.

ಮನೆಯಲ್ಲಿ ಚಿಕ್ಕವರಿದ್ದರೆ ಬಿಜಿಎಂಐನಲ್ಲಿ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇದೆ. ಮಾವನ ಫೋನ್ ನಂಬರ್ ಕೊಟ್ಟು ಅದನ್ನು ತಪ್ಪಿಸಿಕೊಳ್ಳುವ ದಾರಿ ಎಲ್ಲ ಮಕ್ಕಳಿಗೂ ಗೊತ್ತು. ಮಾವಂದಿರಿಗೂ ಗೊತ್ತಿರಲಿ ಅಂತ ಹೇಳಿದೆ.

ವರ್ಷದಲ್ಲಿ ಯಾವಾಗ

ನನ್ನ ಕ್ಯಾಲೆಂಡರ್ ಹೀಗಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ರ‍್ಯಾಂಕ್ಡ್ ಇಲ್ಲ. ಡೆತ್‌ಮ್ಯಾಚ್, ಹೊಸ ಮ್ಯಾಪ್ ಕಲಿಯುವುದು, ಹಳೇ ಮ್ಯಾಚ್ ನೋಡುವುದು. ಸೆಪ್ಟೆಂಬರ್‌ನಲ್ಲಿ ಮಳೆ ಬಿಟ್ಟ ದಿನ ನೋಡಿ ನಿಧಾನಕ್ಕೆ ಶುರು. ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಕಳೆದ ಮೇಲೆ ಲೈನ್ ಸ್ವಲ್ಪ ನೆಟ್ಟಗಾಗುತ್ತದೆ, ಅಲ್ಲಿಂದ ಸುಗ್ಗಿ ಹಬ್ಬ ಪುತ್ತರಿವರೆಗೆ ನನ್ನ ಮುಖ್ಯ ಓಟ. ಡಿಸೆಂಬರ್‌ನಿಂದ ಫೆಬ್ರವರಿ ಆಕಾಶ ಸ್ವಚ್ಛ, ಆದರೆ ಕೊಯ್ಲು. ದಿನವಿಡೀ ಕಣದಲ್ಲಿ ಕಾಫಿ ಹರವಿ ಬಂದ ಕೈಗೆ ಮೌಸ್ ನಿಲ್ಲುವುದಿಲ್ಲ, ಬೆಳಿಗ್ಗೆ ಒಂದು ಮ್ಯಾಚ್ ಸಾಕು. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಮನೆಯವರೆಲ್ಲ ಆಕಾಶ ನೋಡುತ್ತಿರುತ್ತಾರೆ, ನಾನೂ ನೋಡುತ್ತೇನೆ, ಕಾರಣ ಬೇರೆ. ಮೇ ಕೊನೆಯ ವಾರ ರೂಟರ್‌ನ ಯುಪಿಎಸ್ ಪ್ಲಗ್ ಕಿತ್ತು ಎಷ್ಟು ಹೊತ್ತು ಬರುತ್ತದೆ ಅಂತ ಗಡಿಯಾರ ಇಟ್ಟು ನೋಡಿ. ಒಂದು ಪೂರ್ತಿ ಮ್ಯಾಚ್‌ಗೆ ಸಾಲದಿದ್ದರೆ ಬ್ಯಾಟರಿ ಬದಲಿಸಿ.